ನೀರು ಎಲ್ಲಿಂದ ಬರುತ್ತೆ?

ಕೆರೆಯ ಸಸ್ಯಪ್ಲವಕಗಳ ಅಧ್ಯಯನ ನನ್ನ ಕೆಲಸ. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳು ಅವು. ಮೈಸೂರಿನ ಕುಕ್ಕರಹಳ್ಳಿ, ದಳವಾಯಿ ಕೆರೆಗಳಿಂದ ಶುರುಮಾಡಿ ಸುತ್ತಲಿನ ಎಷ್ಟೋ ಕೆರೆಗಳ ನೀರು ನೋಡಿದ್ದೇನೆ. ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿ, ಅಯೋಡಿನ್ ಹಾಕಿಟ್ಟು, 1 ಮಿಲಿಲೀಟರ್ ಹಿಡಿಯುವ ಗಾಜಿನ ತಟ್ಟೆಗೆ ಹಾಕಿ ಸೂಕ್ಷ್ಮದರ್ಶಕದಡಿ ಎಣಿಸಬೇಕು. ನೋಡುವವರಿಗೆ ಬೇಸರದ ಕೆಲಸ.

ಒಂದು ವರ್ಷ ಮಳೆ ಜೋರಾಗಿತ್ತು. ಊರಾಚೆಯ ಒಂದು ಕೆರೆಯಲ್ಲಿ ಹರಿಗೋಲು ಅಂತರಗಂಗೆಯ ನಡುವೆ ಸಿಕ್ಕಿಕೊಂಡಿತು. ಮೀನು ಹಿಡಿಯುವವರೂ ನಾನೂ ಇಳಿದು ನೂಕಿದೆವು. ನೀರು ಸೊಂಟದವರೆಗಿತ್ತು. ನನ್ನ ಹಿಮ್ಮಡಿ ಒಡೆದಿತ್ತು.

ವಾರ ಕಳೆದ ಮೇಲೆ ಚಳಿಜ್ವರ ಬಂತು. ಮೀನಖಂಡ ಎಷ್ಟು ನೋಯುತ್ತಿತ್ತೆಂದರೆ ಕಾಲು ನೆಲಕ್ಕೂರಲು ಆಗುತ್ತಿರಲಿಲ್ಲ. ವೈರಲ್ ಜ್ವರ ಎಂದು ಮಾತ್ರೆ ಕೊಟ್ಟರು. ಕಣ್ಣು ಮೊದಲು ಕೆಂಪಾಯಿತು, ಆಮೇಲೆ ಹಳದಿ. ಮೂತ್ರ ಕಡಿಮೆಯಾಯಿತು. ದೊಡ್ಡ ಆಸ್ಪತ್ರೆಗೆ ಹೋದಾಗ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು, ‘ಏನು ಕೆಲಸ ಮಾಡ್ತೀರಿ?’ ಎಂದು ಕೇಳಿದರು. ಕೆರೆ ಎಂದೆ. ಮೀನಖಂಡ ಒತ್ತಿದರು. ಕೂಗಿಬಿಟ್ಟೆ. ಇಲಿ ಜ್ವರ ಇರಬೇಕು ಎಂದು, ರಿಪೋರ್ಟಿಗೆ ಕಾಯದೆ ಅಂದೇ ರಾತ್ರಿ ಪೆನಿಸಿಲಿನ್ ಶುರುಮಾಡಿದರು. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ರೋಗ ಅದು. ಚರ್ಮ ಒಡೆದಿದ್ದರೆ ಸಾಕು.

ಕಿಡ್ನಿ ಅಷ್ಟರಲ್ಲಿ ಸೋತಿತ್ತು. ಕುತ್ತಿಗೆಗೆ ನಳಿಗೆ ಹಾಕಿ ಡಯಾಲಿಸಿಸ್‌ಗೆ ಮಲಗಿಸಿದರು. ನೋವಿಗಿಂತ ಹೆಚ್ಚಾಗಿ ಭಯ ಹುಟ್ಟಿದ್ದು ಅಲ್ಲಿ.

ಕಾರಣ ನನ್ನ ಓದು. ಬ್ರೆಜಿಲ್‌ನ ಕರುವಾರು ಊರಲ್ಲಿ 1996ರಲ್ಲಿ ಒಂದು ಡಯಾಲಿಸಿಸ್ ಕೇಂದ್ರದ ರೋಗಿಗಳಿಗೆ ಕಣ್ಣು ಮಂಜಾಯಿತು, ವಾಂತಿಯಾಯಿತು, ಯಕೃತ್ತು ಕೆಟ್ಟಿತು. 50ಕ್ಕೂ ಹೆಚ್ಚು ಜನ ಸತ್ತರು. ನೀರು ಜಲಾಶಯದಿಂದ ಟ್ಯಾಂಕರಿನಲ್ಲಿ ಬಂದಿತ್ತು. ಅದರಲ್ಲಿ ನೀಲಿಹಸಿರು ಪಾಚಿಯ ವಿಷ ಮೈಕ್ರೊಸಿಸ್ಟಿನ್ ಇತ್ತು. ಕುದಿಸಿದರೂ ಹೋಗದ ವಿಷ. ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ನೀರು ಬೇಕು. ರಕ್ತಕ್ಕೂ ಅದಕ್ಕೂ ನಡುವೆ ಇರುವುದು ತೆಳು ಪೊರೆ ಅಷ್ಟೆ. ಇದನ್ನು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಪಾಠ ಮಾಡಿದ್ದೆ, ಕುರ್ಚಿಯಲ್ಲಿ ಕೂತು.

‘ಈ ನೀರು ಎಲ್ಲಿಂದ ಬರುತ್ತೆ?’ ಎಂದು ಟೆಕ್ನಿಷಿಯನ್ ಹುಡುಗನನ್ನು ಕೇಳಿದೆ. ಅವನು ನಗಲಿಲ್ಲ. ಬೋರ್‌ವೆಲ್ ಎಂದ. ಆಮೇಲೆ ಮರಳು, ಇದ್ದಿಲು, ಆರ್‌ಒ. ಇದ್ದಿಲು ಯಾವಾಗ ಬದಲಿಸಿದ್ದು ಎಂದೆ. ರಿಜಿಸ್ಟರ್ ತಂದು ತೋರಿಸಿದ. ಆ ಉಪಕಾರ ಸಣ್ಣದಲ್ಲ. ಬೋರ್‌ವೆಲ್ಲಿನ ಕತ್ತಲಲ್ಲಿ ಪಾಚಿ ಬೆಳೆಯುವುದಿಲ್ಲ. ಉಸಿರು ಬಿಟ್ಟೆ.

‘ಬೇಸಿಗೇಲಿ?’

‘ಟ್ಯಾಂಕರ್, ಮೇಡಂ.’

‘ಟ್ಯಾಂಕರಿನವರು ಎಲ್ಲಿಂದ ತರ್ತಾರೆ?’

‘ಅದು ಗೊತ್ತಿಲ್ಲ ಮೇಡಂ.’

ಪಕ್ಕದ ಹಾಸಿಗೆಯಲ್ಲಿ ನಂಜನಗೂಡು ಕಡೆಯ ಹೆಂಗಸೊಬ್ಬರಿದ್ದರು. ವಾರಕ್ಕೆ ಮೂರು ಸಲ ಬಸ್ಸು ಹಿಡಿದು ಬರುವವರು. ‘ಯಾಕವ್ವ ಕೇಳ್ದೆ?’ ಅಂದರು. ನಾನು ಕೆಲ ದಿನಗಳಲ್ಲಿ ಎದ್ದು ಹೋಗಬಹುದು. ಅವರು ಹೋಗುವಂತಿಲ್ಲ. ‘ಸುಮ್ನೆ ಕೇಳ್ದೆ ಅಮ್ಮ’ ಎಂದೆ.

ಮೂತ್ರ ನಿಧಾನವಾಗಿ ಮರಳಿತು. ಇಲಿ ಜ್ವರದಲ್ಲಿ ಸೋತ ಕಿಡ್ನಿ ಬಹಳ ಮಂದಿಗೆ ಚೇತರಿಸಿಕೊಳ್ಳುತ್ತದೆ. ನನಗೂ ಆಯಿತು. ನಳಿಗೆ ತೆಗೆದರು. ಮನೆಯಲ್ಲಿ ಮೆಟ್ಟಿಲು ಹತ್ತಲು ಬಹಳ ದಿನ ಹಿಡಿಯಿತು. ನನ್ನ ಜೊತೆ ನೀರಿಗಿಳಿದಿದ್ದವರು ನೋಡಲು ಬಂದರು. ಅವರಿಗೆ ಏನೂ ಆಗಿರಲಿಲ್ಲ.

ಮಾರ್ಚಿನಲ್ಲಿ ಆ ಹುಡುಗನಿಗೆ ಫೋನ್ ಮಾಡಿದೆ. ಟ್ಯಾಂಕರಿನ ನೀರು ಒಂದು ಬಾಟಲಿ ಹಿಡಿದುಕೊಟ್ಟ. ಎಣಿಸಿದೆ. ಆ ವಿಷ ಮಾಡುವ ಪಾಚಿ, ಮೈಕ್ರೊಸಿಸ್ಟಿಸ್, ಇರಲಿಲ್ಲ. ಆದರೆ ಜೀವಂತ ಡಯಾಟಮ್ ಪಾಚಿಗಳಿದ್ದವು. ಅಂದರೆ ಆ ನೀರು ಎಲ್ಲೋ ಬಿಸಿಲಿಗೆ ತೆರೆದುಕೊಂಡಿತ್ತು. ಆರ್‌ಒ ಸರಿಯಿದ್ದರೆ ವಿಷದ ಬಹುಪಾಲನ್ನು ತಡೆಯುತ್ತದೆ. ಸರಿಯಿದ್ದರೆ. ಪಾಚಿ ಕಾಣದಿದ್ದರೂ ಅದರ ವಿಷ ನೀರಿನಲ್ಲಿ ಕರಗಿರಬಹುದು. ಅದರ ಪರೀಕ್ಷೆಯ ಕಿಟ್ ದುಬಾರಿ. ಪ್ರಾಜೆಕ್ಟಿನ ಹಣದಲ್ಲಿ ತರಿಸಿದೆ. ವಿಷ ಸಿಗಲಿಲ್ಲ. ಆಸ್ಪತ್ರೆಗೆ ಬರೆದು ತಿಳಿಸಿದೆ. ಈಗ ಬೇಸಿಗೆಯಲ್ಲಿ ಟ್ಯಾಂಕರ್ ಬಂದ ದಿನ ನಮ್ಮ ಲ್ಯಾಬಿಗೂ ಒಂದು ಬಾಟಲಿ ಬರುತ್ತದೆ.