ಬಡ ನಕ್ಷತ್ರಗಳ ಲೆಕ್ಕ

ನಕ್ಷತ್ರಗಳಲ್ಲೂ ಬಡವರಿದ್ದಾರೆ ಗೆಳೆಯರೆ. ಇದು ನಾನು ಕಟ್ಟಿದ ಮಾತಲ್ಲ. ಖಗೋಳ ವಿಜ್ಞಾನಿಗಳೇ ಕೆಲವು ನಕ್ಷತ್ರಗಳನ್ನ 'ಲೋಹಬಡ' ಅಂತ ಕರೀತಾರೆ. ಅವರ ಲೆಕ್ಕದಲ್ಲಿ ಜಲಜನಕ, ಹೀಲಿಯಂ ಬಿಟ್ಟು ಮಿಕ್ಕದ್ದೆಲ್ಲ ಲೋಹವೇ. ನಾವು ಉಸಿರಾಡುವ ಆಮ್ಲಜನಕವೂ ಲೋಹ! ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬಡತನ ಅನ್ನೋ ಪದ ಎಲ್ಲಿ ಕಂಡರೂ ನಿಂತು ಕೇಳುತ್ತೇನೆ: ಇದು ಹೇಗೆ ಬಂತು?

ವಿಶ್ವ ಹುಟ್ಟಿದಾಗ ಅದರ ಕೈಯಲ್ಲಿದ್ದದ್ದು ಜಲಜನಕ, ಹೀಲಿಯಂ, ಚೂರುಪಾರು ಲಿಥಿಯಂ, ಅಷ್ಟೆ. ಕಬ್ಬಿಣವಿಲ್ಲ, ಸುಣ್ಣವಿಲ್ಲ. ಮೊದಲ ದೈತ್ಯ ನಕ್ಷತ್ರಗಳು ತಮ್ಮ ಒಡಲನ್ನೇ ಕುಲುಮೆ ಮಾಡಿಕೊಂಡವು. ಕೆಲವೇ ದಶಲಕ್ಷ ವರ್ಷ ದುಡಿದು, ಸಿಡಿದು ಸತ್ತವು. ಆಮ್ಲಜನಕ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಒಂದಿಷ್ಟು ಕಬ್ಬಿಣ ಆ ಬೂದಿಯಲ್ಲಿ ಬಂದವು.

ದೊಡ್ಡ ಗೆಲಾಕ್ಸಿಗಳು ಆ ಬೂದಿಯನ್ನು ಹಿಡಿದಿಟ್ಟುಕೊಂಡವು. ಅದರಿಂದ ತಲೆಮಾರಿನ ಮೇಲೆ ತಲೆಮಾರು ನಕ್ಷತ್ರಗಳು ಎದ್ದವು. ಪುಟ್ಟ ಗೆಲಾಕ್ಸಿಗಳ ಗುರುತ್ವಕ್ಕೆ ಆ ಬಲವೆಲ್ಲಿ? ಸಿಡಿತದ ರಭಸಕ್ಕೆ ಅನಿಲವೂ ಬೂದಿಯೂ ಚದುರಿ ಹೋದವು. ಹೊರಗಿನ ನೇರಳಾತೀತ ಬೆಳಕು ಉಳಿದದ್ದನ್ನೂ ಕಾಯಿಸಿತು. ಒಲೆ ಆರಿತು. ತಾನು ದುಡಿದದ್ದು ತನಗೇ ದಕ್ಕಲಿಲ್ಲ.

ಸಿಂಹರಾಶಿಯ ದಿಕ್ಕಿನಲ್ಲಿ, ಸುಮಾರು 75,000 ಜ್ಯೋತಿರ್ವರ್ಷ ದೂರದಲ್ಲಿ ಅಂಥದೊಂದಿದೆ. ಹೆಸರು ಸೆಗ್ವೆ–1. 2006ರಲ್ಲಿ ಕಣ್ಣಿಗೆ ಬಿತ್ತು. ಇಡೀ ಗೆಲಾಕ್ಸಿಯ ಬೆಳಕು ಕೆಲವು ನೂರು ಸೂರ್ಯರಷ್ಟು ಮಾತ್ರ. ಆನ್ನಾ ಫ್ರೇಬೆಲ್ ಮತ್ತು ಜೊತೆಗಾರರು ಅಲ್ಲಿನ ನಕ್ಷತ್ರಗಳ ಬೆಳಕನ್ನು ಎಳೆಎಳೆಯಾಗಿ ಬಿಡಿಸಿ, 2014ರಲ್ಲಿ ಲೆಕ್ಕ ಕೊಟ್ಟರು. ಸೂರ್ಯನ ಕಬ್ಬಿಣದ ಸಾವಿರದಲ್ಲೊಂದು ಪಾಲೂ ಇಲ್ಲದ ನಕ್ಷತ್ರಗಳು ಅಲ್ಲಿವೆ. ಆದರೆ ಲೆಕ್ಕಕ್ಕೆ ಸಿಕ್ಕ ಏಳು ನಕ್ಷತ್ರಗಳಲ್ಲೂ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಹೆಚ್ಚು.

ಏನಿದರ ಅರ್ಥ? ಸಣ್ಣ ನಕ್ಷತ್ರಗಳ ಹೆಣಗಳೂ ಸಿಡಿಯುತ್ತವೆ, ಆದರೆ ತಡವಾಗಿ. ಆಗ ರಾಶಿ ಕಬ್ಬಿಣ ಚೆಲ್ಲುತ್ತವೆ. ಸೆಗ್ವೆಯಲ್ಲಿ ಆ ಕಬ್ಬಿಣದ ಸುಳಿವಿಲ್ಲ. ಅದು ಬರುವ ಮುಂಚೆಯೇ ಅಲ್ಲಿ ಹುಟ್ಟು ನಿಂತಿತ್ತು. ಉಳಿದಿರುವುದು ಮೊದಲ ದೈತ್ಯರ ಕೈಕೆಲಸ, ಕಲಬೆರಕೆಯಿಲ್ಲದೆ. ನಮ್ಮ ಹಾಲುಹಾದಿಯಲ್ಲಿ ಎಲ್ಲರ ದುಡಿಮೆಯೂ ಕಲಸಿಹೋಗಿದೆ. ಯಾರದು ಯಾವುದು ಅಂತ ಬಿಡಿಸುವುದು ಕಷ್ಟ.

ಹಾಗಂತ ಬಡತನವನ್ನ ಹಾಡಿ ಹೊಗಳಬೇಡಿ. ಅಲ್ಲಿ ನೆನಪು ಉಳಿದದ್ದು ಬದುಕು ನಿಂತದ್ದರಿಂದ. ಅದು ನಷ್ಟವೇ. ಆದರೆ ಮಂಕಾಗಿದೆ ಅಂತ ಅದನ್ನು ಎಣಿಕೆಯಿಂದ ಬಿಟ್ಟಿದ್ದರೆ, ನಮ್ಮ ಉಸಿರಿನ ಆಮ್ಲಜನಕವನ್ನು ಮೊದಲು ಬೇಯಿಸಿದವರ ಗುರುತೂ ಕೈತಪ್ಪುತ್ತಿತ್ತು. ಮೇಷ್ಟ್ರೇ, ಮಕ್ಕಳಿಗೆ ಆಕಾಶ ತೋರಿಸುವಾಗ ಬರಿಗಣ್ಣಿಗೆ ಕಾಣದವುಗಳ ಹೆಸರನ್ನೂ ಹೇಳಿ.