ಗಂಧದ ಮರದ ನೆರೆಹೊರೆ

ಗಂಧದ ನೆರೆಯಲ್ಲಿ ಬೆಳೆದ ಮರಗಳೂ ಪರಿಮಳಗೊಳ್ಳುತ್ತವೆ ಎಂಬುದು ನಮ್ಮ ಸಾಹಿತ್ಯದಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾತು. ನೆಲದಡಿಯ ಲೆಕ್ಕ ಬೇರೆ. ಗಂಧವು ಅರೆಪರಾವಲಂಬಿ; ನೀರು ಮತ್ತು ಖನಿಜಾಂಶಗಳಿಗಾಗಿ ಅದರ ಹೀರುಬೇರುಗಳು ನೆರೆಯ ಗಿಡಗಳ ಬೇರುಗಳನ್ನು ಅಪ್ಪಿಕೊಳ್ಳುತ್ತವೆ.

1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ, ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿಯೂ ಮನೆಯವರದಾಗಿರಲಿಲ್ಲ. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ಬಂದ ತಿದ್ದುಪಡಿಯು ನೆಲದ ಒಡೆಯನನ್ನೇ ಮರದ ಒಡೆಯನನ್ನಾಗಿಸಿತು. ಅದೇ ವರ್ಷದ ಫೆಬ್ರವರಿ 28ರಂದು, ನಂದಿದುರ್ಗವೂ ಸೇರಿದಂತೆ ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಗಣಿಯ ದುಡಿಮೆ ತಪ್ಪಿ ಬಂಗಾರಪೇಟೆಯ ಕಡೆ ಸ್ವಂತ ಮನೆ ಮಾಡಿಕೊಂಡ ಸಂಸಾರಕ್ಕೆ ಹಿತ್ತಲಿನ ಒಂದು ಗಂಧದ ಮರವೆಂದರೆ ಮುಪ್ಪಿನ ಕಾಲದ ಇಡುಗಂಟು. ಅದು ಸೊರಗಿತೆಂದರೆ, ರೋಗವಾವುದೆಂದು ಅರಿಯುವುದೇ ಮೊದಲ ಚಿಕಿತ್ಸೆ.

ಹಿತ್ತಲನ್ನು ಚೊಕ್ಕಟಗೊಳಿಸುವ ಭರದಲ್ಲಿ ತೊಗರಿ, ಹೊಂಗೆಗಳನ್ನು ಕಿತ್ತುಹಾಕಿದ ಮೇಲೆ ಎಲೆಗಳು ಹಳದಿಗಟ್ಟಿ ತುದಿಗಳು ಒಣಗತೊಡಗಿದರೆ, ಮರವು ಆಸರೆಯನ್ನು ಕಳೆದುಕೊಂಡಿರಬಹುದು. ಆಗ ಬುಡವನ್ನು ಆಳವಾಗಿ ಅಗೆಯದೆ, ತುಸು ದೂರದಲ್ಲಿ ತೊಗರಿ ಬಿತ್ತಿ, ದೀರ್ಘಕಾಲದ ಆಸರೆಗೆ ಹೊಂಗೆಯನ್ನೋ ಸರ್ವೆಯನ್ನೋ ನೆಟ್ಟು, ಬೇರಿಗೆ ಬೇರು ಕೂಡುವವರೆಗೆ ತಾಳ್ಮೆಯಿಂದ ನೀರೆರೆಯಬೇಕು. ಇಂತಹ ಮರ ಚೇತರಿಸಿಕೊಳ್ಳಬಲ್ಲುದು.

ಆದರೆ ಎಲೆಗಳು ಕಿರಿದಾಗಿ ಬಿರುಸಾಗಿ, ಗೆಣ್ಣುಗಳ ನಡುವಣ ಅಂತರ ಕುಗ್ಗಿ, ರೆಂಬೆಗಳು ಮೊಳೆಗಳಂತೆ ಸೆಟೆದು, ಹೂಕಾಯಿಗಳೂ ನಿಂತುಹೋದರೆ ಅದು ಸ್ಪೈಕ್ ರೋಗದ ಲಕ್ಷಣ. 1899ರಲ್ಲಿ ಕೊಡಗಿನಲ್ಲಿ ಗುರುತಿಸಲ್ಪಟ್ಟ ಈ ರೋಗವು ಕಸಿಯ ಮೂಲಕ ಮರದಿಂದ ಮರಕ್ಕೆ ಅಂಟುವುದೆಂದು ಮೈಸೂರು ಸಂಸ್ಥಾನದ ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್ 1917ರಲ್ಲಿ ತೋರಿಸಿದರು. ಇಂದು ಫೈಟೋಪ್ಲಾಸ್ಮಾ ಎನ್ನಲಾಗುವ ಸೂಕ್ಷ್ಮಜೀವಿಯು ರೋಗಗ್ರಸ್ತ ಗಂಧದ ಆಹಾರನಾಳಗಳಲ್ಲಿ ಕಂಡುಬಂದದ್ದು 1969ರಲ್ಲಿ. ಟೆಟ್ರಾಸೈಕ್ಲಿನ್ ಚುಚ್ಚಿದರೆ ಲಕ್ಷಣಗಳು ಕೆಲಕಾಲ ಮರೆಯಾಗಿ ಮತ್ತೆ ಮರಳುತ್ತವೆ. ಮರವು ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಸಾಯುತ್ತದೆ. ಆದ್ದರಿಂದ ಅರಣ್ಯ ಇಲಾಖೆಗೆ ತಿಳಿಸಿ ಅದನ್ನು ತೆಗೆಯಿಸುವುದೇ ಉಳಿದ ಗಂಧದ ಮರಗಳಿಗೆ ಕ್ಷೇಮ.

ಒಂದು ಮರಕ್ಕೆ ನೆರೆಯನ್ನು ಒದಗಿಸಬೇಕು. ಇನ್ನೊಂದರಿಂದ ನೆರೆಯನ್ನು ಕಾಪಾಡಬೇಕು. ಹಸಿದ ಮರವನ್ನು ಸ್ಪೈಕ್ ಎಂದು ಬಗೆದು ಕಡಿದರೆ ಬದುಕಬಹುದಾಗಿದ್ದ ಇಡುಗಂಟೇ ಹೋಯಿತು. ಸ್ಪೈಕ್ ತಗುಲಿದ ಮರವನ್ನು ಹಸಿದದ್ದೆಂದು ಸಾಕುತ್ತ ಕುಳಿತರೆ ಪಕ್ಕದ ಹಿತ್ತಲಿನ ಇಡುಗಂಟೂ ಹೋದೀತು.