ಮುಂಡಗೋಡಿನ ಹೊಸ ವರ್ಷ

ಚಳಿಗಾಲದಲ್ಲಿ ಪೇಟೆಗೆ ಹೋದಾಗ ರಸ್ತೆ ಬದಿಯ ಮಳಿಗೆಗಳಲ್ಲಿ ಸ್ವೆಟರ್ ಮಾರುವ ಟಿಬೆಟಿಯನ್ ಮಹಿಳೆಯರನ್ನು ನೀವು ನೋಡಿರುತ್ತೀರಿ. ನಿಮ್ಮ ಮಗುವಿನ ಮೊದಲ ಉಣ್ಣೆ ಟೊಪ್ಪಿಗೆಯನ್ನು ಅವರ ಬಳಿಯೇ ಚೌಕಾಸಿ ಮಾಡಿ ಕೊಂಡಿರಲೂಬಹುದು. ಸರಕು ಹೆಚ್ಚಾಗಿ ಬರುವುದು ಪಂಜಾಬಿನ ಲೂಧಿಯಾನದಿಂದ. ಮಾರುವವರು ಎಲ್ಲಿಂದ ಬರುತ್ತಾರೆ? ಅವರಲ್ಲಿ ಅನೇಕರು ನಮ್ಮ ನೆರೆಯವರೇ, ಮುಂಡಗೋಡಿನವರು. ಅಕ್ಟೋಬರ್ ಹೊತ್ತಿಗೆ ಮಕ್ಕಳನ್ನು ಅಜ್ಜ-ಅಜ್ಜಿಯರ ಬಳಿಯೋ ಹಾಸ್ಟೆಲಿನಲ್ಲೋ ಬಿಟ್ಟು ಹೊರಡುವ ಈ ತಾಯಂದಿರು ಚಳಿ ಕಳೆದ ಮೇಲೆ ಊರಿಗೆ ಮರಳುತ್ತಾರೆ. ಆಗ ಅವರ ಹೊಸ ವರ್ಷ ಬರುತ್ತದೆ. ಅದರ ಹೆಸರು ಲೋಸರ್.

ಹಾನಗಲ್ಲಿನಿಂದ ಮುಂಡಗೋಡಿಗೆ ಸುಮಾರು ಒಂದು ತಾಸಿನ ದಾರಿ. ಶಿಗ್ಗಾಂವಿ, ಸವಣೂರಿನವರು ಬಂಕಾಪುರದ ಮೇಲೆ ಹೋಗಬಹುದು. ಹಿರೇಕೆರೂರಿನವರಿಗೆ ತುಸು ದೂರ. ಹಾನಗಲ್ಲಿಗೆ ಬಂದು ಅಲ್ಲಿಂದ ಮುಂದೆ ಹೋಗುವುದು ಸಲೀಸು. ಭತ್ತ, ಗೋವಿನಜೋಳದ ಹೊಲಗಳು ಮುಗಿದು ಕಾಡಿನ ಅಂಚು ಬರುತ್ತಿದ್ದಂತೆ ಬಣ್ಣ ಬಣ್ಣದ ಪತಾಕೆಗಳೂ ಹೊಂಬಣ್ಣದ ಕಳಶದ ಮಠಗಳೂ ಕಾಣಿಸುತ್ತವೆ. ಇಲ್ಲಿ ತಂಗಲು ವಿದೇಶೀಯರಿಗೆ ಸರಕಾರದ ವಿಶೇಷ ಪರವಾನಿಗೆ ಬೇಕು. ನಮಗೆ ಬೇಡ. ಆದರೂ ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ ಹೇಳಿ!

1959ರಲ್ಲಿ ದಲಾಯಿ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಕುಟುಂಬಗಳು ಹಿಮದ ಕಣಿವೆಗಳನ್ನು ದಾಟಿ ಬಂದವು. ಅವರಿಗೆ ನೆಲೆ ಬೇಕಾದಾಗ ಆಗಿನ ಮೈಸೂರು ರಾಜ್ಯ ಭೂಮಿ ಕೊಟ್ಟಿತು. ಮೊದಲು ಬೈಲಕುಪ್ಪೆ, ನಂತರ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಮುಂಡಗೋಡ. ಇಲ್ಲಿ ದೊರೆತದ್ದು ಸುಮಾರು 4,000 ಎಕರೆ. ಕಾಡು ಕಡಿದು, ಸೆಖೆ ಸಹಿಸಿ, ಯಾಕ್ ಮೇಯಿಸಿದ ಕೈಗಳು ಗೋವಿನಜೋಳ ಬಿತ್ತಿದವು. ಊರುಗಳಿಗೆ ಇಂದಿಗೂ ಕ್ಯಾಂಪ್ ನಂಬರ್ ಒಂದು, ಎರಡು ಎಂದೇ ಹೆಸರು. ಮೂರು ತಲೆಮಾರು ಕಳೆದರೂ ‘ಕ್ಯಾಂಪ್’ ಎಂಬ ಪದ ಬಿಟ್ಟುಹೋಗಿಲ್ಲ.

ಹಬ್ಬದ ಕೆಲಸ ಎಲ್ಲ ಕಡೆಯಂತೆ ಅಲ್ಲಿಯೂ ಹೆಂಗಸರ ಪಾಲಿಗೆ. ವಾರಗಟ್ಟಲೆ ಮೊದಲೇ ‘ಖಪ್ಸೆ’ ಕರಿಯುವುದು ಶುರುವಾಗುತ್ತದೆ. ಮೈದಾ, ಸಕ್ಕರೆ, ಬೆಣ್ಣೆ ಕಲಸಿ ಹೆಣೆದು ಕರಿದ ತಿಂಡಿ. ನಮ್ಮ ಶಂಕರಪೋಳಿಯ ಅಕ್ಕ ಎನ್ನಿ. ಕತ್ತೆಯ ಕಿವಿಯಷ್ಟು ದೊಡ್ಡದಾಗಿ ಮಾಡಿದವುಗಳನ್ನು ಪೂಜೆಯ ಕಪಾಟಿನ ಮುಂದೆ ಪೇರಿಸುತ್ತಾರೆ. ಹಳೆಯ ವರ್ಷದ ಕೊನೆಯ ತಿಂಗಳ 29ರಂದು ಮನೆಯೆಲ್ಲ ಗುಡಿಸಿ ತೊಳೆದು, ಆ ರಾತ್ರಿ ‘ಗುಥುಕ್’ ಎಂಬ ಒಂಬತ್ತು ಪದಾರ್ಥಗಳ ಗಂಜಿ ಕುಡಿಯುತ್ತಾರೆ. ಅದರಲ್ಲಿ ಒಂದೊಂದು ದೊಡ್ಡ ಹಿಟ್ಟಿನ ಉಂಡೆ ಒಬ್ಬೊಬ್ಬರಿಗೆ. ಒಡೆದು ನೋಡಿದಾಗ ಒಣಮೆಣಸಿನಕಾಯಿ ಸಿಕ್ಕವರು ಮಾತಿನ ಮಲ್ಲಿ, ಉಣ್ಣೆ ಸಿಕ್ಕವರು ಮೃದು ಮನಸ್ಸಿನವರು, ಇದ್ದಿಲು ಸಿಕ್ಕರೆ ಮನಸ್ಸು ಕಪ್ಪು, ಉಪ್ಪು ಸಿಕ್ಕರೆ ಸೋಮಾರಿ! ಅತ್ತೆಗೆ ಮೆಣಸಿನಕಾಯಿ ಬಂದರೆ ಸೊಸೆ ನಗದೆ ಹೇಗಿರುವಳು?

ಹಬ್ಬದ ದಿನ ಮನೆಗೆ ಬಂದವರ ಮುಂದೆ ಮರದ ಎರಡು ಖಾನೆಯ ಪೆಟ್ಟಿಗೆ ಇಡುತ್ತಾರೆ. ಒಂದರಲ್ಲಿ ಹುರಿದ ಬಾರ್ಲಿಯ ಹಿಟ್ಟು, ಇನ್ನೊಂದರಲ್ಲಿ ಹುರಿದ ಕಾಳು. ಚಿಟಿಕೆ ತೆಗೆದು ಗಾಳಿಗೆ ತೂರಿ ‘ತಾಶಿ ದೆಲೆಕ್’ ಎಂದು ಶುಭ ಕೋರುತ್ತಾರೆ. ಬಾರ್ಲಿ ನಮ್ಮ ಸೀಮೆಯ ಬೆಳೆಯಲ್ಲ. ಆದರೂ ಮೊಳಕೆ ಬರಿಸಿ ಒಂದು ಬಟ್ಟಲು ಹಸಿರು ಪೈರು ಬೆಳೆಸಿ ಇಡುತ್ತಾರೆ. ತಾವೇ ನೋಡದ ನಾಡಿನ ಹೊಲವನ್ನು ಅಲ್ಲಿಯ ತಾಯಂದಿರು ಮಕ್ಕಳಿಗೆ ಒಂದು ಬಟ್ಟಲಿನಲ್ಲಿ ತೋರಿಸುತ್ತಾರೆ. ಪಾಠ ಹೇಳಿಕೊಡುವುದಕ್ಕಿಂತ ಇದು ಹೆಚ್ಚು ನಾಟುತ್ತದೆ ಎಂದು ನನ್ನ ಅನಿಸಿಕೆ.

ಹಬ್ಬದ ಸಮಯದಲ್ಲಿ ನೀವು ಹೋಗುವುದಾದರೆ ಒಂದು ಸೂಚನೆ. ‘ಛಾಂಗ್’ ಎಂದರೆ ಬಾರ್ಲಿಯ ಮದ್ಯ. ಅದನ್ನು ಬಿಸಿ ಗಂಜಿಯಂತೆಯೂ ಕೊಡುವುದುಂಟು. ಮಾಂಸದ ಖಾದ್ಯದ ಬಗ್ಗೆಯೂ ಕೇಳಿ ತಿಳಿದುಕೊಳ್ಳಿ. ಖಪ್ಸೆ, ಹಣ್ಣು ಇದ್ದೇ ಇರುತ್ತವೆ. ಬೆಣ್ಣೆ ಹಾಕಿದ ಉಪ್ಪು ಚಹಾ ಮಾತ್ರ ಮೊದಲ ಗುಟುಕಿಗೆ ಒಗ್ಗದು.

ಲ್ಹಾಸಾದಲ್ಲಿ ಮುಸ್ಲಿಮರೂ ಇದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಟಿಬೆಟಿಯನ್ ಭಾಷೆಯಲ್ಲಿ ಮುಸ್ಲಿಮರಿಗೆ ‘ಖಾಚೆ’ ಎನ್ನುತ್ತಾರೆ, ಅಂದರೆ ಕಾಶ್ಮೀರಿ. ಕಾಶ್ಮೀರದ ವ್ಯಾಪಾರಿಗಳು ಶತಮಾನಗಳ ಹಿಂದೆ ಅಲ್ಲಿ ನೆಲೆಸಿದ್ದರು. 1960ರ ನಂತರ ಅವರ ಸಂತತಿಯೂ ಊರು ಬಿಟ್ಟು ಕಾಲಿಂಪಾಂಗ್, ಡಾರ್ಜಿಲಿಂಗ್‌ಗೆ ಬಂತು. ಆಮೇಲೆ ಅನೇಕರು ಶ್ರೀನಗರದ ಈದ್ಗಾ ಪ್ರದೇಶ ಸೇರಿದರು.

ಲೋಸರ್ ಕೂಡ ಚಂದ್ರನನ್ನು ಅನುಸರಿಸುತ್ತದೆ. ವಿಯೆಟ್ನಾಮಿನವರ ಟೆಟ್, ಚೀನೀಯರ ಹೊಸ ವರ್ಷ ಇದೇ ಬಳಗದವು. ಆದರೆ ಲೆಕ್ಕ ಬೇರೆ ಬೇರೆಯಾದ್ದರಿಂದ ಕೆಲವೊಮ್ಮೆ ತಿಂಗಳ ಅಂತರ ಬೀಳುತ್ತದೆ: 2025ರಲ್ಲಿ ಟೆಟ್ ಜನವರಿ 29ಕ್ಕೆ, ಲೋಸರ್ ಫೆಬ್ರವರಿ 28ಕ್ಕೆ. ಯುಗಾದಿಯ ಪಂಚಾಂಗದಂತೆ ಇವರೂ ಎರಡೂವರೆ ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ. ಹಾಗಾಗಿ ಲೋಸರ್ ಚಳಿಗಾಲದ ಕೊನೆಯನ್ನು ಬಿಟ್ಟು ಕದಲುವುದಿಲ್ಲ. ನಮ್ಮ ಹಿಜರಿ ಲೆಕ್ಕದಲ್ಲಿ ಅಧಿಕ ಮಾಸವಿಲ್ಲ. ರಮಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತುತ್ತದೆ. ಈ ಸುತ್ತಿಗೆ ಸುಮಾರು 33 ವರ್ಷ. 2025ರಲ್ಲಿ ಎರಡೂ ಒಂದೆಡೆ ಸೇರಿದವು: ಮಾರ್ಚ್ 2ರ ರವಿವಾರ ಅವರಿಗೆ ಲೋಸರ್‌ನ ಮೂರನೇ ದಿನ, ಹೊಸ ಪತಾಕೆ ಕಟ್ಟುವ ದಿನ, ನಮಗೆ ಮೊದಲ ಉಪವಾಸ.

ಹಬ್ಬವನ್ನೇ ಬಿಟ್ಟ ವರ್ಷಗಳೂ ಇವೆ. 2008ರಲ್ಲಿ ಟಿಬೆಟಿನಲ್ಲಿ ನಡೆದ ದಮನದ ನಂತರ, 2009ರ ಲೋಸರ್‌ನಲ್ಲಿ ಟಿಬೆಟಿಯನ್ನರು ಸಂಭ್ರಮ ಕೈಬಿಟ್ಟರು. ಟಿಬೆಟಿನಲ್ಲಿ ಜನ ಮೈಗೆ ಬೆಂಕಿ ಹಚ್ಚಿಕೊಂಡು ಸಾಯುತ್ತಿದ್ದ 2012ರಲ್ಲಿ ಅವರ ದೇಶಾಂತರ ಸರಕಾರವೇ ಸಡಗರ ಬೇಡವೆಂದಿತು. ಪೂಜೆ ಮಾತ್ರ ಇರಲಿ ಎಂದಿತು. ಹೊಸ ಬಟ್ಟೆ ಯಾಕಿಲ್ಲ ಎಂದು ಕೇಳುವ ಮಗುವಿಗೆ ತಾಯಿ ಏನೆಂದು ಹೇಳಬೇಕು? ಒಮ್ಮೆಯೂ ಕಾಣದ ಊರಿನವರ ಸಾವಿಗೆ ದುಃಖಿಸುವುದನ್ನು ಐದು ವರ್ಷದ ಮಗುವಿಗೆ ಕಲಿಸುವುದು ಸುಲಭವಲ್ಲ.

ಈಗ ಮತ್ತೊಂದು ವಲಸೆ ನಡೆದಿದೆ. ಕ್ಯಾಂಪುಗಳ ಯುವಕ-ಯುವತಿಯರು ಬೆಂಗಳೂರಿಗೆ, ಕೆನಡಾಕ್ಕೆ, ಅಮೆರಿಕಕ್ಕೆ, ಯೂರೋಪಿಗೆ ಹೊರಟಿದ್ದಾರೆ. ಮನೆಯಲ್ಲಿ ಉಳಿದದ್ದು ಹಿರಿಯರು. ನಮ್ಮ ಮನೆಗಳಿಗೂ ಇದು ಹೊಸತಲ್ಲ. ಮಗ ಸೌದಿಯಲ್ಲಿದ್ದರೆ ಅವನ ಈದ್ ಎಷ್ಟೋ ಸಲ ಒಂದು ದಿನ ಮೊದಲೇ ಮುಗಿದಿರುತ್ತದೆ. ತಾಯಿ ಇಲ್ಲಿ ಶೀರ್‌ಖುರ್ಮಾ ಕಲಕುವಾಗ ಅವನು ಅಲ್ಲಿ ಹಬ್ಬದ ಮಾರನೆಯ ದಿನದ ನಿದ್ದೆಯಲ್ಲಿರುತ್ತಾನೆ. ಮುಂಡಗೋಡಿನಲ್ಲಿ ಲೋಸರ್‌ನ ನಸುಕು ಐದು ಗಂಟೆಯಾದಾಗ ಟೊರಾಂಟೊದಲ್ಲಿ ಹಿಂದಿನ ಸಂಜೆ ಆರೂವರೆ. ಅಜ್ಜಿ ಹೊಸ ವರ್ಷದಲ್ಲಿ ಕುಳಿತು ಹಳೆಯ ವರ್ಷದಲ್ಲಿರುವ ಮೊಮ್ಮಗಳಿಗೆ ವೀಡಿಯೊ ಕರೆಯಲ್ಲಿ ‘ತಾಶಿ ದೆಲೆಕ್’ ಹೇಳುತ್ತಾಳೆ. ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಸೊಸೆ ಪಕ್ಕದಿಂದ ತಿದ್ದುತ್ತಾಳೆ.

ರಜೆಗೆ ಬಂದು ಮರಳುವವರ ಬ್ಯಾಗಿನಲ್ಲಿ ಖಪ್ಸೆಯ ಡಬ್ಬಿಗೆ ಜಾಗ ಇಟ್ಟಿರಬೇಕು. ಗಟ್ಟಿಯಾಗಿ ಕರಿದದ್ದರಿಂದ ಅದು ವಾರಗಟ್ಟಲೆ ಕೆಡುವುದಿಲ್ಲ.